ಒಲ್ಲೆ ಎನ್ನಲೂ ಬಂಡವಾಳ ಬೇಕು

ಹೈದರಾಬಾದಿನ ಹೊರವಲಯದ ಹೆಣ್ಣುಮಗಳೊಬ್ಬಳು ಮನೆಯಿಂದ ನೂರು ಮೀಟರಿನಷ್ಟು ದೂರದ ಕೊಳವೆಬಾವಿಯಿಂದ ದಿನಾ ನೀರು ತರುತ್ತಾಳೆ. ಆ ನೀರು ಕುಡಿದು ಮನೆಯವರು ಆಗಾಗ ಕಾಯಿಲೆ ಬೀಳುವುದು ಅವಳಿಗೂ ಗೊತ್ತು. ಹತ್ತಿರದಲ್ಲೇ ನಾಂದಿ ಫೌಂಡೇಷನ್ ನಡೆಸುವ ಶುದ್ಧ ನೀರಿನ ಘಟಕವಿದೆ, ಬೆಲೆಯೂ ಕೈಗೆಟುಕುವಂಥದ್ದೇ. ಆದರೂ ಅವಳು ಅಲ್ಲಿಗೆ ಹೋಗುವುದಿಲ್ಲ. ಘಟಕದವರು ಕೊಡುವುದು ಐದು ಗ್ಯಾಲನ್ನಿನ, ಅಂದರೆ ಸುಮಾರು 19 ಲೀಟರ್ ಹಿಡಿಯುವ ಚೌಕಾಕಾರದ ಕ್ಯಾನು. ತುಂಬಿದ ಮೇಲೆ ಅದು ಸೊಂಟದ ಮೇಲೂ ನಿಲ್ಲದು, ತಲೆಯ ಮೇಲೂ ಕೂರದು. ಜೊತೆಗೆ ದಿನಕ್ಕೆ ಐದು ಗ್ಯಾಲನ್ನಿನ ಲೆಕ್ಕದಲ್ಲಿ ಇಡೀ ತಿಂಗಳ ಕಾರ್ಡನ್ನು ಮೊದಲೇ ಕೊಳ್ಳಬೇಕು. ಅಷ್ಟು ನೀರು ಅವಳ ಮನೆಗೆ ಬೇಕಾಗಿಯೇ ಇಲ್ಲ.

2010ರಲ್ಲಿ ‘ಸ್ಟ್ಯಾನ್‌ಫರ್ಡ್ ಸೋಷಿಯಲ್ ಇನ್ನೋವೇಷನ್ ರಿವ್ಯೂ’ ಪತ್ರಿಕೆಯ ಲೇಖನವೊಂದು ಈ ಪ್ರಸಂಗದಿಂದ ಶುರುವಾಗಿತ್ತು. ಹೆಸರು ಬದಲಿಸಿ ಅವಳನ್ನು ಶಾಂತಿ ಎಂದು ಕರೆದಿದ್ದರು. ಬರೆದವರು ಇಬ್ಬರು, ಟಿಮ್ ಬ್ರೌನ್ ಮತ್ತು ಜೋಸೆಲಿನ್ ವಯಟ್. ಬ್ರೌನ್ ಆಗ ಐಡಿಯೋ ಎಂಬ ಅಮೆರಿಕದ ವಿನ್ಯಾಸ ಸಲಹಾ ಸಂಸ್ಥೆಯ ಮುಖ್ಯಸ್ಥ. ನೀರು ಹೊರುವವಳನ್ನು ಒಂದು ಮಾತು ಕೇಳಿದ್ದರೆ ಕ್ಯಾನಿನ ಆಕಾರವೇ ಬೇರೆಯಾಗುತ್ತಿತ್ತು ಎಂಬುದು ಲೇಖನದ ತಿರುಳು. ಆ ಮಾತು ಇವತ್ತಿಗೂ ನಿಜ. ಅದರ ಬೆನ್ನಿಗೇ ಬರಬೇಕಾದ ಇನ್ನೊಂದು ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಶಾಂತಿಯ ಮನೆಯಂಗಳದಲ್ಲಿ ಕೂತು ಅವಳ ಕಷ್ಟ ಕೇಳುವ ವಿನ್ಯಾಸಕನಿಗೆ ತಿಂಗಳ ಕೊನೆಗೆ ಸಂಬಳ ಕೊಡುವವರು ಯಾರು?

ಶಾಂತಿಗೆ ಅದು ಸಾಧ್ಯವಿಲ್ಲ. ನೀರಿನ ಘಟಕ ನಡೆಸುವ ಸೇವಾಸಂಸ್ಥೆಗೂ ಸಿಲಿಕಾನ್ ವ್ಯಾಲಿಯ ದರ ಭರಿಸುವ ಶಕ್ತಿಯಿರುವುದಿಲ್ಲ. ಆ ಸಂಬಳ ಬೇರೆಲ್ಲಿಂದಲೋ, ಬೇರೆ ಯಾರದೋ ಕೆಲಸದಿಂದ ಬರಬೇಕು. ನಾವೀನ್ಯ ಕನ್ಸಲ್ಟೆನ್ಸಿಯೊಂದರ ಹೊಸ ಸಿಇಒ ಮೊದಲ ದಿನ ಕುರ್ಚಿಯಲ್ಲಿ ಕೂರುವಾಗ ಮೇಜಿನ ಮೇಲಿರುವುದು ಇದೇ ಪ್ರಶ್ನೆ. ಧ್ಯೇಯ ಮತ್ತು ಬೆಳವಣಿಗೆ ಎರಡನ್ನೂ ಸಂಭಾಳಿಸುತ್ತೇವೆ ಎಂದು ಇಂಥ ಪ್ರತಿಯೊಬ್ಬರೂ ಹೇಳುತ್ತಾರೆ. ಹೇಳುವಾಗ ಬಹುಪಾಲು ಜನ ಪ್ರಾಮಾಣಿಕರಾಗಿಯೇ ಇರುತ್ತಾರೆ. ಆದರೂ ಆ ತಕ್ಕಡಿ ಮತ್ತೆ ಮತ್ತೆ ಒಂದೇ ಕಡೆ ವಾಲುವುದು ಏಕೆ ಎಂದು ಹುಡುಕಬೇಕಾದರೆ ಅವರ ಭಾಷಣಗಳನ್ನು ಬದಿಗಿಟ್ಟು ಸಂಸ್ಥೆಯ ಲೆಕ್ಕದ ಪುಸ್ತಕ ತೆರೆಯಬೇಕು.

ಬ್ರೌನ್ ಅವರ ಐಡಿಯೋವನ್ನೇ ನೋಡೋಣ. ಅದರ ಹಿನ್ನೆಲೆ ಸಣ್ಣದೇನಲ್ಲ. ಡೇವಿಡ್ ಕೆಲ್ಲಿಯ ಕಾರ್ಯಾಗಾರ ಆಪಲ್‌ನ ಲೀಸಾ ಕಂಪ್ಯೂಟರಿಗಾಗಿ ಮೌಸ್ ರೂಪಿಸಿತ್ತು. ಬಿಲ್ ಮಾಗ್ರಿಡ್ಜ್ 1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಾಸ್ ಎಂಬ ಮಡಚುವ ಕಂಪ್ಯೂಟರಿಗೆ ರೂಪ ಕೊಟ್ಟಿದ್ದರು. ಇವರಿಬ್ಬರ ಮತ್ತು ಮೈಕ್ ನಟಾಲ್ ಅವರ ಸಂಸ್ಥೆಗಳು 1991ರಲ್ಲಿ ಒಂದಾಗಿ ಐಡಿಯೋ ಆಯಿತು. 1999ರಲ್ಲಿ ಎಬಿಸಿ ವಾಹಿನಿಯ ‘ನೈಟ್‌ಲೈನ್’ ಕಾರ್ಯಕ್ರಮ ಈ ತಂಡ ಐದೇ ದಿನದಲ್ಲಿ ಅಂಗಡಿಯ ತಳ್ಳುಗಾಡಿಯನ್ನು ಹೊಸದಾಗಿ ರೂಪಿಸುವುದನ್ನು ತೋರಿಸಿತು. ಗೋಡೆ ತುಂಬ ಬಣ್ಣದ ಚೀಟಿಗಳು, ಯಾರೂ ಯಾರ ಮಾತನ್ನೂ ತಳ್ಳಿಹಾಕದ ಚರ್ಚೆ, ಸಂಜೆಗೆ ಸಿದ್ಧವಾಗುವ ಕಚ್ಚಾ ಮಾದರಿಗಳು. ಇಂದು ಬೆಂಗಳೂರಿನ ಯಾವ ಐಟಿ ಕಚೇರಿಯ ಮೀಟಿಂಗ್ ರೂಮಿನಲ್ಲಾದರೂ ಕಾಣುವ ಈ ದೃಶ್ಯವನ್ನು ಅನೇಕರು ಮೊದಲು ಟಿವಿಯಲ್ಲಿ ನೋಡಿದ್ದು ಅಲ್ಲಿ. ‘ಡಿಸೈನ್ ಥಿಂಕಿಂಗ್’ ಎಂಬ ಹೆಸರಿನಲ್ಲಿ ಈ ವಿಧಾನ ಹಬ್ಬಿತು. 2000ದಿಂದ 19 ವರ್ಷ ಸಿಇಒ ಆಗಿದ್ದ ಟಿಮ್ ಬ್ರೌನ್ ಅದಕ್ಕೆ ಪ್ರವಚನಕಾರರಂತಿದ್ದರು.

2019ರಲ್ಲಿ ಬ್ರೌನ್ ಜಾಗಕ್ಕೆ ಬಂದವರು ಸ್ಯಾಂಡಿ ಸ್ಪೈಕರ್. ಹದಿನೈದು ವರ್ಷ ಅದೇ ಸಂಸ್ಥೆಯಲ್ಲಿ ದುಡಿದು ಮೇಲೆ ಬಂದವರು, ಆ ಹುದ್ದೆಗೇರಿದ ಮೊದಲ ಮಹಿಳೆ. ಅವರ ಹೆಸರಿನೊಂದಿಗೆ ನೆನಪಾಗುವ ಕೆಲಸ ಪೆರುವಿನ ಇನ್ನೋವಾ ಶಾಲೆಗಳು. ಅಲ್ಲಿ ಹೊಸದಾಗಿ ಚಿಗುರುತ್ತಿದ್ದ ಮಧ್ಯಮ ವರ್ಗಕ್ಕೆ ಸರ್ಕಾರಿ ಶಾಲೆಯ ಮೇಲೆ ನಂಬಿಕೆ ಇರಲಿಲ್ಲ, ದುಬಾರಿ ಖಾಸಗಿ ಶಾಲೆ ಎಟುಕುತ್ತಿರಲಿಲ್ಲ. ಇಂಟರ್‌ಕಾರ್ಪ್ ಎಂಬ ಉದ್ಯಮ ಸಮೂಹ 2011ರಲ್ಲಿ ಐಡಿಯೋವನ್ನು ಕರೆಸಿತು. ತಂಡದವರು ಪಠ್ಯ, ಕಟ್ಟಡ, ಶಿಕ್ಷಕರ ತರಬೇತಿ, ಶುಲ್ಕದ ಲೆಕ್ಕ ಎಲ್ಲವನ್ನೂ ಒಟ್ಟಿಗೆ ಯೋಚಿಸಿದರು. ತಿಂಗಳಿಗೆ ಸುಮಾರು 130 ಡಾಲರ್ ಶುಲ್ಕದಲ್ಲಿ ನಡೆಯಬಲ್ಲ ಶಾಲೆಯೊಂದರ ಮಾದರಿ ಸಿದ್ಧವಾಯಿತು. ಅದು ಹತ್ತಾರು ಶಾಲೆಗಳಾಗಿ, ಹತ್ತಾರು ಸಾವಿರ ಮಕ್ಕಳನ್ನು ಮುಟ್ಟಿತು. ಧ್ಯೇಯವೂ ಬೆಳವಣಿಗೆಯೂ ಜೊತೆಯಾಗಿ ನಡೆಯಬಹುದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ. ಇಂಥ ಕೆಲಸ ಮಾಡಿದವರನ್ನೇ ಸಿಇಒ ಮಾಡಿದ್ದರಿಂದ ಸಂಸ್ಥೆಯ ಮನಸ್ಸು ಎಲ್ಲಿದೆ ಎಂಬುದೂ ಸ್ಪಷ್ಟವಿತ್ತು.

ಮುಂದಿನ ನಾಲ್ಕು ವರ್ಷ ಅವರಿಗೆ ಒಂದು ದಿನವೂ ಸಲೀಸಾಗಿರಲಿಲ್ಲ. ಕೋವಿಡ್ ಬಂತು. ಸಂಸ್ಥೆಯೊಳಗಿನ ಜನಾಂಗೀಯ ತಾರತಮ್ಯದ ಬಗ್ಗೆ ಮಾಜಿ ಉದ್ಯೋಗಿಗಳು ಬಹಿರಂಗವಾಗಿ ಬರೆದರು. ಬಡ್ಡಿದರ ಏರಿದಾಗ ಗ್ರಾಹಕ ಕಂಪನಿಗಳು ಮೊದಲು ಕೈಬಿಟ್ಟದ್ದು ‘ನಾವೀನ್ಯ’ದ ಬಾಬತ್ತನ್ನು. ಅಷ್ಟರಲ್ಲಿ ದೊಡ್ಡ ಕಂಪನಿಗಳು ತಮ್ಮದೇ ವಿನ್ಯಾಸ ವಿಭಾಗಗಳನ್ನು ಕಟ್ಟಿಕೊಂಡಿದ್ದವು. ಸ್ಪರ್ಧಿಗಳನ್ನು ಹಣವಂತರು ಒಬ್ಬೊಬ್ಬರಾಗಿ ಕೊಂಡಿದ್ದರು. ಫ್ಯೋರ್ಡ್ 2013ರಲ್ಲಿ ಆಕ್ಸೆಂಚರ್ ಪಾಲಾಯಿತು, ಅಡಾಪ್ಟಿವ್ ಪಾತ್ 2014ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಪಾಲಾಯಿತು, ಲೂನಾರ್ 2015ರಲ್ಲಿ ಸಲಹಾ ಸಂಸ್ಥೆ ಮೆಕಿನ್ಸಿಯ ಪಾಲಾಯಿತು. 2023ರಲ್ಲಿ ಐಡಿಯೋದ ಚುಕ್ಕಾಣಿ ಜಾಹೀರಾತು ಕ್ಷೇತ್ರದಿಂದ ಬಂದ ಡೆರೆಕ್ ರಾಬ್ಸನ್ ಕೈಗೆ ಹೋಯಿತು. ಆ ವರ್ಷದ ಕೊನೆಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಉದ್ಯೋಗಿಗಳನ್ನು ಮನೆಗೆ ಕಳಿಸಲಾಯಿತು. ಮ್ಯೂನಿಕ್ ಮತ್ತು ಟೋಕಿಯೊ ಕಚೇರಿಗಳು ಮುಚ್ಚಿದವು. 2025ರಲ್ಲಿ ಮತ್ತೆ ಹೊಸ ಸಿಇಒ, ಈ ಬಾರಿ ಮೈಕ್ ಪೆಂಗ್. ಹತ್ತೊಂಬತ್ತು ವರ್ಷ ಒಬ್ಬರೇ ಕೂತ ಕುರ್ಚಿಯಲ್ಲಿ ಆರು ವರ್ಷದೊಳಗೆ ಮೂವರು.

ಇದನ್ನು ವ್ಯಕ್ತಿಗಳ ಸೋಲು ಎಂದು ಬರೆದುಬಿಡುವುದು ಸುಲಭ. ವಾಣಿಜ್ಯ ಪತ್ರಿಕೆಗಳ ಅಭ್ಯಾಸವೇ ಅದು, ಗೆದ್ದಾಗ ಸಿಇಒ ದಾರ್ಶನಿಕ, ಸೋತಾಗ ಕನಸುಗಾರ. ಈ ಲೇಖನದ ವಾದ ಬೇರೆ. ಕನ್ಸಲ್ಟೆನ್ಸಿಯಲ್ಲಿ ಧ್ಯೇಯ ಉಳಿಯುವುದು ಒಂದೇ ಜಾಗದಲ್ಲಿ, ಬಂದ ಕೆಲಸವನ್ನು ಒಲ್ಲೆ ಎನ್ನುವ ಶಕ್ತಿಯಲ್ಲಿ. ಆ ಶಕ್ತಿಗೆ ಬೆಲೆಯಿದೆ. ಅದನ್ನು ಮೊದಲೇ ಕೂಡಿಡದ ಸಂಸ್ಥೆಗೆ ಎಂಥ ಒಳ್ಳೆಯ ಮನುಷ್ಯ ಮುಖ್ಯಸ್ಥನಾಗಿ ಬಂದರೂ ಸಂಕಟದ ದಿನ ಆತನ ಕೈ ಕಟ್ಟಿರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಐವತ್ತು ಜನರ ಒಂದು ಸ್ಟುಡಿಯೊ ಇದೆ ಎಂದುಕೊಳ್ಳಿ. ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿ ತಲೆಗೆ ತಿಂಗಳಿಗೆ 2 ಲಕ್ಷ ರೂಪಾಯಿ, ಒಟ್ಟು 1 ಕೋಟಿ ಖರ್ಚು. ಒಬ್ಬರ ಒಂದು ತಿಂಗಳ ಕೆಲಸಕ್ಕೆ ಗ್ರಾಹಕರಿಂದ 3 ಲಕ್ಷ ಸಿಗುತ್ತದೆ. ಐವತ್ತರಲ್ಲಿ ನಲವತ್ತು ಜನ ಬಿಲ್ ಆಗುವ ಕೆಲಸದಲ್ಲಿದ್ದರೆ ಆದಾಯ 1.20 ಕೋಟಿ, ಉಳಿಯುವುದು 20 ಲಕ್ಷ. ಈಗ ಆರು ಜನರಿಗೆ ಕೆಲಸ ಕೊಡುವ ಗ್ರಾಹಕನೊಬ್ಬ ಮನಸ್ಸಿಗೆ ಒಪ್ಪದ ಕೆಲಸ ಹೇಳುತ್ತಾನೆ, ಸಿಇಒ ಒಲ್ಲೆ ಎನ್ನುತ್ತಾರೆ. ಆದಾಯ 1.02 ಕೋಟಿಗೆ ಇಳಿಯಿತು. ಉಳಿತಾಯ 2 ಲಕ್ಷ. ಇನ್ನೊಬ್ಬರ ಕೆಲಸವನ್ನು ಬಿಟ್ಟರೂ ಅಲ್ಲಿಂದಾಚೆ ನಷ್ಟ. ಇಡೀ ಸಂಸ್ಥೆಯ ನೈತಿಕ ಸ್ವಾತಂತ್ರ್ಯ ಆರೇಳು ಜನರ ಕೆಲಸದಷ್ಟು ಅಗಲ ಮಾತ್ರ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ ಆಗುವ ಕೆಲಸವಿಲ್ಲದೆ ‘ಬೆಂಚ್ ಮೇಲೆ ಕೂತಿದ್ದೇನೆ’ ಎನ್ನುವಾಗ ದನಿ ತಾನಾಗಿ ತಗ್ಗುವುದು ಏಕೆಂದು ಅವರಿಗೆ ಗೊತ್ತು.

ಬೆಳೆದರೆ ಈ ಬಿಗಿ ಸಡಿಲವಾಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಸಾಬೂನು ಮಾಡುವವರಿಗೆ ಅದು ನಿಜವಿರಬಹುದು, ಒಂದೇ ಯಂತ್ರದಿಂದ ಹೆಚ್ಚು ಸಾಬೂನು ತೆಗೆದಷ್ಟೂ ಖರ್ಚು ಇಳಿಯುತ್ತದೆ. ಮನುಷ್ಯರ ಸಮಯ ಮಾರುವವರಿಗೆ ಆ ಅನುಕೂಲ ಇಲ್ಲ. ಸ್ಟುಡಿಯೊ ನೂರು ಜನಕ್ಕೆ ಬೆಳೆದರೆ ತಿಂಗಳ ಖರ್ಚೂ 2 ಕೋಟಿಯಾಗುತ್ತದೆ. ಬ್ಯಾಂಕಿನಲ್ಲಿ 3 ಕೋಟಿ ಇಟ್ಟುಕೊಂಡಿದ್ದವರು ಮೊದಲು ಮೂರು ತಿಂಗಳು ಕೆಲಸವಿಲ್ಲದೆ ಇರಬಲ್ಲವರಾಗಿದ್ದರೆ, ಬೆಳೆದ ಮೇಲೆ ಒಂದೂವರೆ ತಿಂಗಳಷ್ಟೇ. ಉಳಿತಾಯವನ್ನೂ ಅದೇ ವೇಗದಲ್ಲಿ ಹೆಚ್ಚಿಸದೆ ಜನರನ್ನಷ್ಟೇ ಹೆಚ್ಚಿಸಿದ ಸಂಸ್ಥೆಗೆ ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ಒಲ್ಲೆ ಎನ್ನಲು ಹೋಗಿ ಮನೆಯವರಿಂದಲೇ ಪೆಟ್ಟು ತಿಂದ ಪ್ರಸಂಗವೂ ಇದೆ. ಕೆವಿನ್ ಸ್ನೀಡರ್ 2018ರಲ್ಲಿ ಮೆಕಿನ್ಸಿಯ ಜಾಗತಿಕ ಮುಖ್ಯಸ್ಥರಾದರು. ಯಾವ ಗ್ರಾಹಕರಿಗೆ ಯಾವ ಸಲಹೆ ಕೊಡಬಹುದು, ಯಾವುದು ಸಲ್ಲದು ಎಂಬ ನಿಯಮಗಳನ್ನು ಬಿಗಿ ಮಾಡಲು ಹೊರಟರು. ಕಾರಣ ಸಾಕಷ್ಟಿತ್ತು. ವ್ಯಸನ ಹಿಡಿಸುವ ನೋವುನಿವಾರಕ ತಯಾರಿಸುವ ಪರ್ಡ್ಯೂ ಕಂಪನಿಗೆ ಮಾರಾಟ ಹೆಚ್ಚಿಸುವ ಸಲಹೆ ಕೊಟ್ಟ ಪ್ರಕರಣದಲ್ಲಿ ಮೆಕಿನ್ಸಿ 2021ರ ಫೆಬ್ರುವರಿಯಲ್ಲಿ ಅಮೆರಿಕದ 47 ರಾಜ್ಯಗಳೂ ಸೇರಿದ ಒಪ್ಪಂದಕ್ಕೆ 57.3 ಕೋಟಿ ಡಾಲರ್ ತೆರಲು ಒಪ್ಪಿತು. ಅದೇ ತಿಂಗಳು ಹಿರಿಯ ಪಾಲುದಾರರು ಮತ ಹಾಕಿ ಸ್ನೀಡರ್ ಅವರಿಗೆ ಎರಡನೆಯ ಅವಧಿ ನಿರಾಕರಿಸಿದರು. ಆ ಸಂಸ್ಥೆಯಲ್ಲಿ ಹಲವು ದಶಕಗಳಿಂದ ಹಾಗೆ ಆಗಿರಲಿಲ್ಲ. ಅವರನ್ನು ಇಳಿಸಿದ್ದಕ್ಕೆ ಹಲವು ಕಾರಣ ಕೇಳಿಬಂದವು. ಗ್ರಾಹಕರ ಆಯ್ಕೆಯಲ್ಲಿ ಮೇಲಿನವರ ಕೈವಾಡ ಪಾಲುದಾರರಿಗೆ ಹಿಡಿಸಲಿಲ್ಲ ಎಂಬುದು ಅವುಗಳಲ್ಲಿ ಮುಖ್ಯ. 2024ರ ಕೊನೆಯಲ್ಲಿ ಅದೇ ಪರ್ಡ್ಯೂ ಕೆಲಸಕ್ಕಾಗಿ ಸಂಸ್ಥೆ ಇನ್ನೂ 65 ಕೋಟಿ ಡಾಲರ್ ತೆರಲು ಒಪ್ಪಿತು. ಒಲ್ಲೆ ಎನ್ನದ್ದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಈ ಎರಡು ಮೊತ್ತಗಳು ದಾಖಲೆ. ಅದರಲ್ಲಿ ಪ್ರಾಣ ಕಳೆದುಕೊಂಡವರ ಲೆಕ್ಕ ಸೇರಿಲ್ಲ.

ಹಾಗಾದರೆ ಯಾರಿಗೂ ಇದು ಸಾಧ್ಯವಾಗಿಲ್ಲವೇ? ಲಂಡನ್ನಿನ ಅರೂಪ್ ಸಂಸ್ಥೆಯ ಕಡೆ ನೋಡಬೇಕು. ಸಿಡ್ನಿ ಒಪೆರಾ ಹೌಸಿನ ಚಿಪ್ಪಿನಾಕಾರದ ಚಾವಣಿಯನ್ನು ನಿಲ್ಲಿಸಿ ತೋರಿಸಿದ ಎಂಜಿನಿಯರುಗಳ ಮನೆ ಅದು. ಸ್ಥಾಪಕ ಓವ್ ಅರೂಪ್ 1970ರ ಜುಲೈ 9ರಂದು ವಿಂಚೆಸ್ಟರಿನಲ್ಲಿ ತಮ್ಮ ಪಾಲುದಾರರ ಮುಂದೆ ದೀರ್ಘವಾಗಿ ಮಾತಾಡಿದರು. ಸಂಸ್ಥೆ ಯಾಕಾಗಿ ಇರಬೇಕು ಎಂಬುದೇ ವಿಷಯ. ಕೆಲಸದ ಗುಣಮಟ್ಟ, ಮನುಷ್ಯತ್ವವುಳ್ಳ ಆಡಳಿತ, ನೇರ ವ್ಯವಹಾರ, ಸಮಾಜಕ್ಕೆ ಉಪಯೋಗ ಇವುಗಳ ಜೊತೆಗೆ ಸದಸ್ಯರ ಏಳಿಗೆಯನ್ನೂ ಅವರು ಗುರಿಗಳಲ್ಲಿ ಸೇರಿಸಿದರು. ಆದರೆ ‘ತಕ್ಕಮಟ್ಟಿನ’ ಏಳಿಗೆ ಎಂದರು. ಆ ಒಂದು ವಿಶೇಷಣದಲ್ಲಿ ಬಹಳ ವಿವೇಕವಿದೆ. ದುಡ್ಡನ್ನು ಅವರು ಹಳಿಯಲಿಲ್ಲ, ಅದಕ್ಕೊಂದು ಅಳತೆ ಕಟ್ಟಿದರು.

ಭಾಷಣವಷ್ಟೇ ಆಗಿದ್ದರೆ ಅದು ಚೌಕಟ್ಟಿನೊಳಗೆ ಗೋಡೆ ಸೇರುತ್ತಿತ್ತು. ಅರೂಪ್‌ನ ಒಡೆತನ ಉದ್ಯೋಗಿಗಳ ಹಿತಕ್ಕಾಗಿ ಇರುವ ಟ್ರಸ್ಟುಗಳ ಕೈಯಲ್ಲಿದೆ, ಹೊರಗಿನ ಷೇರುದಾರರಿಲ್ಲ. ಮೂರು ತಿಂಗಳಿಗೊಮ್ಮೆ ಬೆಳವಣಿಗೆ ಎಲ್ಲಿ ಎಂದು ಬಾಗಿಲು ಬಡಿಯುವವರಿಲ್ಲ. ಅರ್ಧ ಶತಮಾನದ ನಂತರ, 2021ರಲ್ಲಿ ಆ ಸಂಸ್ಥೆ ಒಂದು ತೀರ್ಮಾನ ಪ್ರಕಟಿಸಿತು. 2022ರ ಏಪ್ರಿಲ್‌ನಿಂದ ತೈಲ, ಅನಿಲದಂಥ ಇಂಧನಗಳನ್ನು ತೆಗೆಯುವ, ಸಂಸ್ಕರಿಸುವ, ಸಾಗಿಸುವ ಯಾವ ಹೊಸ ಇಂಧನ ಯೋಜನೆಯನ್ನೂ ಒಪ್ಪಿಕೊಳ್ಳುವುದಿಲ್ಲ ಎಂದಿತು. ಎಂಜಿನಿಯರಿಂಗ್ ಸಲಹಾಗಾರರಿಗೆ ಅದು ಸಣ್ಣ ತ್ಯಾಗವಲ್ಲ. 1970ರ ಮಾತು 2021ರಲ್ಲಿ ಕೆಲಸಕ್ಕೆ ಬಂದದ್ದು ನಡುವಿನ ಐವತ್ತು ವರ್ಷ ಒಡೆತನ ಅದಕ್ಕೆ ಹೊಂದಿಕೊಂಡು ನಿಂತಿದ್ದರಿಂದ.

ಐಡಿಯೋದ ಒಡೆತನದ ಹಾದಿ ಬೇರೆ. 1996ರಲ್ಲಿ ಪೀಠೋಪಕರಣ ಕಂಪನಿ ಸ್ಟೀಲ್‌ಕೇಸ್ ಅದರ ಬಹುಪಾಲು ಷೇರು ಕೊಂಡಿತು. 2007ರಿಂದ ಐಡಿಯೋದವರು ಅದನ್ನು ಹಂತಹಂತವಾಗಿ ಬಿಡಿಸಿಕೊಂಡರು. 2016ರಲ್ಲಿ ಜಪಾನಿನ ಹಕುಹೋಡೊ ಜಾಹೀರಾತು ಸಮೂಹದ ಕ್ಯೂ ಸಂಸ್ಥೆ ಒಂದು ಪಾಲು ಪಡೆಯಿತು. ಇದರಲ್ಲಿ ತಪ್ಪು ಹುಡುಕುವಂಥದ್ದು ಏನಿಲ್ಲ. ಹೆಚ್ಚು ಗಮನ ಕೊಡಬೇಕಾದದ್ದು 2011ರ ಇನ್ನೊಂದು ನಿರ್ಧಾರಕ್ಕೆ. ಆ ವರ್ಷ ಬಡವರಿಗಾಗಿ ಮಾಡುವ ಕೆಲಸವನ್ನು ಐಡಿಯೋ ಡಾಟ್ ಆರ್ಗ್ ಎಂಬ ಲಾಭರಹಿತ ಸಂಸ್ಥೆಯಾಗಿ ಬೇರೆ ಮಾಡಲಾಯಿತು. ಶಾಂತಿಯ ಕ್ಯಾನಿನ ಚಿಂತೆ ಹೊಸ ಮನೆಗೆ ಹೋಯಿತು, ಅದಕ್ಕೆ ದಾನಿಗಳ ಹಣ. ಬ್ಯಾಂಕು, ಆಸ್ಪತ್ರೆ, ಕಾರು ಕಂಪನಿಗಳ ಕೆಲಸ ಹಳೆಯ ಮನೆಯಲ್ಲೇ ಉಳಿಯಿತು. ಲೆಕ್ಕದ ದೃಷ್ಟಿಯಿಂದ ಇದು ಜಾಣತನ. ದಾನದ ಹಣಕ್ಕೂ ಗ್ರಾಹಕರ ಹಣಕ್ಕೂ ಕಲಬೆರಕೆ ಇಲ್ಲ, ಬಡವರ ಕೆಲಸ ಯಾವುದೋ ಕಾರು ಕಂಪನಿಯ ಗಡುವಿಗಾಗಿ ಪಕ್ಕಕ್ಕೆ ಸರಿಯುವುದಿಲ್ಲ. ಆದರೆ ಮನೆಯಲ್ಲಿ ಪ್ರಶ್ನೆ ಕೇಳುವ ಮಗುವನ್ನು ಹಾಸ್ಟೆಲಿಗೆ ಸೇರಿಸಿದ ಮೇಲೆ ಮನೆ ಹೇಗಿರುತ್ತದೆಯೋ ಹಾಗೆ, ಉಳಿದ ವ್ಯವಹಾರದಲ್ಲಿ ‘ಇದು ಯಾಕಾಗಿ’ ಎಂದು ಕೇಳುವ ದನಿ ಕ್ಷೀಣಿಸುವ ಅಪಾಯ ಅಲ್ಲಿದೆ. ಧ್ಯೇಯಕ್ಕೆ ಪ್ರತ್ಯೇಕ ಕೋಣೆ ಕಟ್ಟುವ ಪ್ರತಿ ಸಂಸ್ಥೆಯೂ ಈ ಅಪಾಯವನ್ನು ಜೊತೆಗೇ ಕಟ್ಟಿಕೊಳ್ಳುತ್ತದೆ.

ಈ ಕಥೆಯ ಒಂದು ಎಳೆ ನೇರವಾಗಿ ಬೆಂಗಳೂರಿಗೆ ಬರುತ್ತದೆ. ಎಸ್‌ಎಪಿ ಕಂಪನಿಯ ಸಹಸ್ಥಾಪಕ ಹಾಸೊ ಪ್ಲಾಟ್ನರ್ 2005ರಲ್ಲಿ 3.5 ಕೋಟಿ ಡಾಲರ್ ಕೊಟ್ಟು, ಡೇವಿಡ್ ಕೆಲ್ಲಿ ಮುಂದಾಳಾಗಿದ್ದ ಸ್ಟ್ಯಾನ್‌ಫರ್ಡಿನ ವಿನ್ಯಾಸ ಶಾಲೆಗೆ ನೆಲೆ ಒದಗಿಸಿದರು. ಅದೇ ಎಸ್‌ಎಪಿಯ ಆಡಳಿತ ಮಂಡಳಿಯಲ್ಲಿದ್ದ ವಿಶಾಲ್ ಸಿಕ್ಕಾ 2014ರ ಆಗಸ್ಟ್‌ನಲ್ಲಿ ಇನ್ಫೊಸಿಸ್ ಸಿಇಒ ಆದರು, ಸ್ಥಾಪಕರಲ್ಲದವರೊಬ್ಬರು ಆ ಹುದ್ದೆಗೆ ಬಂದದ್ದು ಅದೇ ಮೊದಲು. ಹೇಳಿದ್ದನ್ನು ಮಾಡಿಕೊಡುವವರಾಗಿ ಉಳಿಯದೆ, ಸಮಸ್ಯೆಯನ್ನು ತಾವೇ ಹುಡುಕುವವರಾಗಬೇಕು ಎಂಬುದು ಅವರ ಆಶಯ. ಒಂದು ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿಗೆ ಡಿಸೈನ್ ಥಿಂಕಿಂಗ್ ತರಬೇತಿ ನಡೆಯಿತು. ಇದರ ಪಕ್ಕದಲ್ಲೇ ಇನ್ನೊಂದು ಗುರಿ ಇತ್ತು: 2020ರ ಹೊತ್ತಿಗೆ 20 ಬಿಲಿಯನ್ ಡಾಲರ್ ಆದಾಯ, ಶೇ 30ರಷ್ಟು ಲಾಭದ ಪ್ರಮಾಣ, ಪ್ರತಿ ಉದ್ಯೋಗಿಯಿಂದ 80,000 ಡಾಲರ್ ಆದಾಯ.

ಈ ಎರಡು ಗುರಿಗಳು ಒಂದೇ ಬಾಯಿಂದ ಬಂದಾಗ ಕೆಳಗಿನವರು ಯಾವುದನ್ನು ಕೇಳಿಸಿಕೊಳ್ಳುತ್ತಾರೆ? ಸಮಸ್ಯೆ ಹುಡುಕಲು ಗ್ರಾಹಕನ ಮುಂದೆ ಕೂತು, ‘ನೀವು ಕೇಳಿದ ಸಾಫ್ಟ್‌ವೇರ್ ನಿಮಗೆ ಬೇಕಾಗಿಲ್ಲ’ ಎಂದು ಹೇಳುವ ಧೈರ್ಯ ಬೇಕು. ಹಾಗೆ ಹೇಳಿದರೆ ಆ ತ್ರೈಮಾಸಿಕದ ಬಿಲ್ಲಿಂಗ್ ಬೀಳುತ್ತದೆ. ತರಬೇತಿಯ ಪ್ರಮಾಣಪತ್ರ ಆ ಧೈರ್ಯ ಕೊಡುವುದಿಲ್ಲ, ಮೇಲಧಿಕಾರಿಯ ಅಳತೆಗೋಲು ಬದಲಾದರೆ ಮಾತ್ರ ಅದು ಬರುತ್ತದೆ. ಸಿಕ್ಕಾ 2017ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಸ್ಥಾಪಕರೊಂದಿಗೆ ಎದ್ದಿದ್ದ ಜಗಳ ಅದರ ಹಿನ್ನೆಲೆ, ಆ ಜಗಳದ ಕಾರಣಗಳು ಬೇರೆ. 2020ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಕಂಪನಿಯ ಆದಾಯ ಸುಮಾರು 12.8 ಬಿಲಿಯನ್ ಡಾಲರ್.

ಅದೇ ಊರಿನ ವಿಪ್ರೊ 2015ರಲ್ಲಿ ಡೆನ್ಮಾರ್ಕ್ ಮೂಲದ ಡಿಸೈನಿಟ್ ಎಂಬ ವಿನ್ಯಾಸ ಸಂಸ್ಥೆಯನ್ನು 8.5 ಕೋಟಿ ಯೂರೊಗೆ ಕೊಂಡಿತು. ವಿಪ್ರೊದ ಒಡೆತನವೂ ವಿಶಿಷ್ಟ. 2019ರಲ್ಲಿ ಅಜೀಂ ಪ್ರೇಮ್‌ಜಿ ತಮ್ಮ ಪಾಲಿನ ಇನ್ನಷ್ಟು ಷೇರುಗಳ ಆದಾಯವನ್ನು ದಾನಕ್ಕೆ ಮೀಸಲಿಟ್ಟ ಮೇಲೆ ಕಂಪನಿಯ ಶೇ 67ರಷ್ಟು ಆರ್ಥಿಕ ಒಡೆತನ ಸಮಾಜಸೇವೆಗೆ ಸಂದಿದೆ. ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ಅವರ ಪ್ರತಿಷ್ಠಾನ ನಡೆಸುವ ಕೆಲಸ, ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿರುವ ವಿಶ್ವವಿದ್ಯಾಲಯ, ಎಲ್ಲಕ್ಕೂ ಮೂಲ ಈ ಹಣ. ಧ್ಯೇಯ ಮತ್ತು ಬೆಳವಣಿಗೆಯ ಪ್ರಶ್ನೆಗೆ ಇದೂ ಒಂದು ಗೌರವಾರ್ಹ ಉತ್ತರ: ದುಡಿಯುವುದು ಮಾರುಕಟ್ಟೆಯಲ್ಲಿ, ಸಲ್ಲಿಸುವುದು ಸಮಾಜಕ್ಕೆ. ಆದರೆ ಗಳಿಕೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆಯೇ ಹೊರತು, ಯಾವ ಕೆಲಸದಿಂದ ಗಳಿಸಬೇಕು ಎಂಬುದನ್ನಲ್ಲ. ವಿನ್ಯಾಸ ಸ್ಟುಡಿಯೊದ ಮುಖ್ಯಸ್ಥರಿಗೆ ಎರಡನೆಯದೇ ದಿನನಿತ್ಯದ ತೊಡಕು.

ಇಷ್ಟೆಲ್ಲ ಓದಿ, ಹಾಗಾದರೆ ಸಂಸ್ಥೆ ಚಿಕ್ಕದಾಗಿಯೇ ಇರಲಿ ಎಂದು ತೀರ್ಮಾನಿಸಿದರೆ ಅದೂ ತಪ್ಪು. ಬೆಳೆಯದ ಸಂಸ್ಥೆಯಲ್ಲಿ ಹತ್ತು ವರ್ಷ ದುಡಿದ ವಿನ್ಯಾಸಕಿಗೆ ಮೇಲಿನ ಹುದ್ದೆ ಖಾಲಿಯಾಗುವುದೇ ಇಲ್ಲ, ಮಕ್ಕಳ ಶಾಲೆಯ ಶುಲ್ಕ ಮಾತ್ರ ಏರುತ್ತಲೇ ಇರುತ್ತದೆ. ಆಕೆ ಹೊರಟುಹೋಗುತ್ತಾಳೆ. ಅವಳೊಂದಿಗೆ ಶಾಂತಿಯಂಥವರ ಮಾತು ಕೇಳಿಸಿಕೊಳ್ಳುವ ಕಿವಿಯೂ ಹೋಗುತ್ತದೆ. ಇನ್ನೋವಾ ಶಾಲೆಗಳಂಥ ಕೆಲಸವನ್ನು ಮೂರು ಜನರ ಸ್ಟುಡಿಯೊ ಮಾಡಲಾರದು, ಪಠ್ಯ ಬಲ್ಲವರು, ಕಟ್ಟಡ ಬಲ್ಲವರು, ಲೆಕ್ಕ ಬಲ್ಲವರು ಒಂದೇ ಚಾವಣಿಯಡಿ ಬೇಕು. ಬೆಳವಣಿಗೆಯನ್ನು ಅಳೆಯುವ ರೀತಿ ಬದಲಾಗಬೇಕು ಎಂಬುದಷ್ಟೇ ಇಲ್ಲಿನ ಒತ್ತಾಯ. ಎಷ್ಟು ಜನ ಸೇರಿದರು, ಎಷ್ಟು ದೇಶಗಳಲ್ಲಿ ಕಚೇರಿ ತೆರೆಯಿತು ಎಂಬ ಎಣಿಕೆಯ ಜೊತೆಗೆ, ಹೊಸ ಕೆಲಸ ಬಾರದಿದ್ದರೂ ಎಷ್ಟು ತಿಂಗಳು ಸಂಬಳ ಕೊಡಬಲ್ಲೆವು, ಯಾವ ಒಬ್ಬ ಗ್ರಾಹಕ ಕೈಬಿಟ್ಟರೆ ಸಂಸ್ಥೆ ಕುಸಿಯುತ್ತದೆ, ನಾವು ರೂಪಿಸಿ ಕೊಟ್ಟದ್ದರಲ್ಲಿ ಐದು ವರ್ಷದ ನಂತರವೂ ಬಳಕೆಯಲ್ಲಿರುವುದು ಎಷ್ಟು, ಇವೂ ಆಡಳಿತ ಮಂಡಳಿಯ ಮುಂದೆ ಬರಬೇಕು. ಕೊನೆಯ ಪ್ರಶ್ನೆಯನ್ನು ಸಲಹೆಗಾರರು ಕೇಳಿಕೊಳ್ಳುವುದು ಬಹಳ ಅಪರೂಪ, ಏಕೆಂದರೆ ವರದಿ ಒಪ್ಪಿಸಿದ ದಿನವೇ ಅವರ ಬಿಲ್ ಚುಕ್ತಾ ಆಗಿರುತ್ತದೆ. ಇನ್ನೋವಾ ಬೇರೂರಲು ಒಂದು ಕಾರಣ ವರದಿಯಾಚೆಗೂ ಶಾಲೆ ನಡೆಸುವವರು, ಹಣ ಹೂಡುವವರು ಅಲ್ಲೇ ನಿಂತಿದ್ದರು ಎಂಬುದು.

ಹೊಸ ಸಿಇಒಗಳ ಮೊದಲ ನೂರು ದಿನ ಸಾಮಾನ್ಯವಾಗಿ ಧ್ಯೇಯವಾಕ್ಯ ತಿದ್ದುವುದರಲ್ಲಿ ಕಳೆಯುತ್ತದೆ. ಕಾರ್ಯಾಗಾರ, ಗೋಡೆಯ ಮೇಲೆ ಚೀಟಿ, ಎಲ್ಲರ ಸಹಿ. ಆ ಸಮಯವನ್ನು ಹಣಕಾಸು ಅಧಿಕಾರಿಯೊಂದಿಗೆ ಕೂತು ಒಲ್ಲೆ ಎನ್ನುವ ನಿಧಿಯೊಂದನ್ನು ಲೆಕ್ಕಪತ್ರದಲ್ಲಿ ತೆರೆಯಲು ಬಳಸುವುದು ಹೆಚ್ಚು ಉಪಯುಕ್ತ. ಒಳ್ಳೆಯ ವರ್ಷದ ಲಾಭದಲ್ಲಿ ಇಂತಿಷ್ಟು ಪಾಲು ಅಲ್ಲಿಗೆ ಹೋಗಬೇಕು. ಆತ್ಮಸಾಕ್ಷಿಗೆ ಒಪ್ಪದ ಕೆಲಸ ಬಿಟ್ಟ ತಂಡಕ್ಕೆ ಮುಂದಿನ ಕೆಲಸ ಸಿಗುವವರೆಗೆ ಅದರಿಂದ ಸಂಬಳ ಬರಬೇಕು. ಬೆಂಚ್ ಮೇಲೆ ಕೂತವರ ಹೆಸರಿನ ಮುಂದೆ ಆ ತಿಂಗಳು ಕೆಂಪು ಗುರುತು ಬೀಳಬಾರದು.

ಇಂಥ ಸಂಸ್ಥೆಗಳಲ್ಲಿ ದುಡಿಯುವ ಸಾವಿರಾರು ಜನ ಕನ್ನಡ ಓದುಗರಿದ್ದಾರೆ. ಕೋರಮಂಗಲದಲ್ಲಿ, ವೈಟ್‌ಫೀಲ್ಡಿನಲ್ಲಿ, ಮೈಸೂರಿನಲ್ಲಿ, ಕಡಲಾಚೆಯ ಊರುಗಳಲ್ಲಿ. ಮುಂದಿನ ಬಾರಿ ಹೊಸ ಮುಖ್ಯಸ್ಥರು ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿ ಧ್ಯೇಯದ ಬಗ್ಗೆ ಮಾತಾಡಿ, ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಕೈ ಎತ್ತಿ. ಕಳೆದ ವರ್ಷ ನಾವು ಯಾವ ಕೆಲಸ ಒಲ್ಲೆ ಎಂದೆವು, ಅದರಿಂದ ಎಷ್ಟು ಹಣ ಹೋಯಿತು, ಆ ತಂಡ ಈಗ ಎಲ್ಲಿದೆ ಎಂದು ಕೇಳಿ.